ಗಾಜಿನ ಕಪಾಟಿನಲ್ಲಿ ಹನ್ನೊಂದು ಪೇಪರ್

ಅಕ್ಟೋಬರ್ 3, ಶುಕ್ರವಾರ. ಬೆಳಿಗ್ಗೆ 9

ಇವತ್ತೂ ಅವರೆಕಾಳಿನ ಫೂಲ್ ಬೇಯಿಸಿದೆ. ಇವತ್ತೂ ತಳ ಹಿಡಿಯಿತು. ಇನಾಸ್ ಸೀದ ಅವರೆಯನ್ನೇ ರೊಟ್ಟಿಯಲ್ಲಿ ಸುತ್ತಿ ತಿಂದಳು, ನಕ್ಕಳು. ಮದುವೆಯಾಗಿ ಹದಿಮೂರು ದಿನ! ಇಲಿಗಳ ಹೃದಯದ ಮೇಲೆ ಸಂಶೋಧನೆ ಮಾಡುವ ಡಾಕ್ಟರ್ ಇನಾಸ್, ಸ್ಕೂಲಿನ ಗಣಿತ ಮೇಷ್ಟ್ರು ಹೈಸಮ್‌ನ, ಅಂದರೆ ನನ್ನ, ಹೆಂಡತಿ. ಇನ್ನೂ ನಂಬಿಕೆಯೇ ಬರುತ್ತಿಲ್ಲ.

ನಮ್ಮ ಮನ್ಸೂರಾ ಊರಿನ ಮದುಮಕ್ಕಳ ಮನೆಯಲ್ಲೆಲ್ಲ ಗಾಜಿನ ಕಪಾಟು, ಅದರೊಳಗೆ ಯಾರೂ ಮುಟ್ಟದ ಪಿಂಗಾಣಿ. ನಮ್ಮದರಲ್ಲಿ ಇನಾಸಳ ಸಂಶೋಧನಾ ಪೇಪರ್‌ಗಳು. ಹನ್ನೊಂದು. ಎಲ್ಲಕ್ಕೂ ಹಳದಿ ಚೀಟಿ. ಪಿಂಗಾಣಿ ಮಂಚದ ಕೆಳಗಿದೆ.

"ಹದಿನೈದಕ್ಕೆ ಪ್ರಮೋಷನ್ ಇಂಟರ್‌ವ್ಯೂ ಮುಗೀಲಿ. ಆಮೇಲೆ ಅತ್ತೆ ಕೊಟ್ಟ ಕಪ್ಪು ಸಾಸರು ಜೋಡಿಸೋಣ" ಅಂದಳು.

ಕಳೆದ ಸಲ ಪ್ರಮೋಷನ್ ಸಮಿತಿಯವರು ಅವಳ ಅರ್ಜಿ ವಾಪಸ್ ಕಳಿಸಿದ್ದರು. ಏಳು ಪೇಪರ್ ಹೃದಯದ್ದು, ನಾಲ್ಕು ಬಸಿರಿನದು. "ನೀವು ಹೃದಯದವರೋ ಬಸಿರಿನವರೋ, ಮೊದಲು ತೀರ್ಮಾನ ಮಾಡ್ಕೊಳ್ಳಿ ಡಾಕ್ಟ್ರೇ" ಅಂದರಂತೆ ಅಧ್ಯಕ್ಷರು. ಈ ಸಲವೂ ತಪ್ಪಿದರೆ ಮೂರು ವರ್ಷ ಅರ್ಜಿ ಹಾಕುವಂತಿಲ್ಲ.

ಅಕ್ಟೋಬರ್ 7, ಮಂಗಳವಾರ. ಮಧ್ಯಾಹ್ನ

ಅಮ್ಮ ಬರುತ್ತೇನೆಂದು ಫೋನ್ ಮಾಡಿದರು. ಇನಾಸ್ ಲ್ಯಾಬಿನಲ್ಲಿ. ಕಪಾಟು ನೋಡಿದೆ, ಗೊಬ್ಬರಗುಂಡಿ. ಅವಳಿಗೆ ಸರ್‌ಪ್ರೈಸ್ ಆಗಲಿ ಎಂದು ಜೋಡಿಸಿದೆ! ಹೃದಯ ಮೇಲಿನ ಹಲಗೆ, ಬಸಿರು ಕೆಳಗೆ. ಚೀಟಿ ಕಿತ್ತು ಮದುವೆ ಬಿಸ್ಕತ್ತಿನ ಡಬ್ಬಿಗೆ. ಮುಂದುಗಡೆ ಎರಡು ಕಾಫಿ ಕಪ್ಪು. ಎಷ್ಟು ಚಂದ!

ಅಮ್ಮ ಅಕ್ಕಿ ತುಂಬಿ ಹುರಿದ ಪಾರಿವಾಳದ ಅಡುಗೆ ತಂದರು. ಕಪಾಟಿನ ಮುಂದೆ ನಿಂತರು.

"ಅಲ್ಲ ಕಣೋ, ಹನ್ನೆರಡು ಜನರ ಊಟದ ಸೆಟ್ಟಿಗೆ ಅಂತ ಮಾಡಿಸಿದ್ದು. ಅದರಲ್ಲಿ ಇಲಿ ಇಟ್ಟಿದ್ದೀಯಾ?"

"ಇಲಿ ಅಲ್ಲಮ್ಮ, ಇಲಿ ಹೃದಯ. ಕೆಳಗಿರೋದು ಬಸಿರು."

"ಹೃದಯ ಮೇಲೆ, ಬಸಿರು ಕೆಳಗೆ. ದೇವರು ಇಟ್ಟ ಹಾಗೇ ಇಟ್ಟಿದ್ದೀಯ ಬಿಡು."

ಅದೇ ದಿನ, ಸಂಜೆ 7

ಇನಾಸ್ ಬಂದಳು. ಕಪಾಟು ನೋಡಿದಳು. ಬ್ಯಾಗು ಕೈಯಲ್ಲೇ ಇತ್ತು.

"ಚೀಟಿಗಳೆಲ್ಲಿ?"

ಡಬ್ಬಿ ತೋರಿಸಿದೆ.

"ಸಮಿತಿಯವರು ಮಾಡಿದ್ದನ್ನೇ ನೀನೂ ಮಾಡಿದೆಯಲ್ಲೋ! ನನ್ನನ್ನ ಕತ್ತರಿಸಿ ಎರಡು ಹಲಗೆ ಮೇಲಿಟ್ಟೆ."

ನನಗೆ ಅಳುವೇ ಬಂತು. ಒಂದು ಪೇಪರಿನಿಂದ ಇನ್ನೊಂದು ಹೇಗೆ ಹುಟ್ಟಿತು ಅನ್ನುವುದೇ ಆ ಚೀಟಿಗಳಲ್ಲಿತ್ತಂತೆ. ಈಗಲೇ ಕೂತು ಸರಿಮಾಡುತ್ತೇನೆ, ನೀನು ಹೇಳುತ್ತಾ ಹೋಗು ಅಂದೆ. ಅವಳು ಡಬ್ಬಿಯನ್ನು ನನ್ನ ಕೈಗಿತ್ತಳು.

"ಹೇಳಲ್ಲ. ನೀನೇ ಜೋಡಿಸು. ಗಣಿತದ ಮೇಷ್ಟ್ರಿಗೆ ಅರ್ಥ ಆದರೆ ಸಮಿತಿಗೂ ಅರ್ಥ ಆಗುತ್ತೆ."

ಅಕ್ಟೋಬರ್ 8, ಬುಧವಾರ

ಹೋಂವರ್ಕ್! ಉತ್ತರಪತ್ರಿಕೆ ತಿದ್ದುವುದು ಬಿಟ್ಟು ಚೀಟಿ ಓದುತ್ತಿದ್ದೇನೆ. ಒಂದರಲ್ಲಿ — "ಒತ್ತಡ ಏರಿದರೆ ಇಲಿಯ ಹೃದಯ ದಪ್ಪವಾಗುತ್ತದೆ. ಒತ್ತಡ ಇಳಿದರೂ ಪೂರ್ತಿ ಮೊದಲಿನಂತಾಗದು. ಯಾಕೆ?" ಇನ್ನೊಂದರಲ್ಲಿ — "ಬಸುರಿ ಇಲಿಯ ಹೃದಯವೂ ಬೆಳೆಯುತ್ತದೆ. ಹೆತ್ತ ಮೇಲೆ ತಾನಾಗಿ ಕುಗ್ಗುತ್ತದೆ. ಹೇಗೆ?"

ಅಯ್ಯೋ! ಎರಡು ಹಲಗೆ ಅಲ್ಲವೇ ಅಲ್ಲ. ಬೆಳೆದ ಹೃದಯ ಹಿಂದಕ್ಕೆ ಬರುವ ದಾರಿ ಯಾವುದು... ಹನ್ನೊಂದರಲ್ಲೂ ಅದೊಂದೇ ಪ್ರಶ್ನೆ!

ಕುಣಿಯುತ್ತಾ ಅಡುಗೆಮನೆಗೆ ಓಡಿದೆ. ಇನಾಸ್ ಈರುಳ್ಳಿ ಹೆಚ್ಚುತ್ತಿದ್ದಳು. "ಮುಖ ನೋಡಿದರೇ ಗೊತ್ತಾಯ್ತು. ಈಗ ಹೋಗಿ ಮಿಕ್ಕಿದ್ದು ಮಾಡು" ಅಂದಳು. ಕಣ್ಣಲ್ಲಿ ನೀರು. ಈರುಳ್ಳಿಯದೇ ಇರಬೇಕು.

ಅಕ್ಟೋಬರ್ 11, ಶನಿವಾರ

ಪೇಪರ್ ಹನ್ನೊಂದು. ಚೀಟಿ ಹನ್ನೆರಡು.

ಒಂದು ಪೇಪರ್ ಕಳೆದುಬಿಟ್ಟೆನೆ? ಸೋಫಾ ಎಳೆದೆ. ಮಂಚದ ಕೆಳಗೆ ಪಿಂಗಾಣಿ ಪೆಟ್ಟಿಗೆಯನ್ನೂ ಬಿಚ್ಚಿದೆ. ಅಮ್ಮನಿಗೆ ಫೋನ್ ಮಾಡಿ, ಪಾರಿವಾಳದ ಪಾತ್ರೆ ಸುತ್ತಲು ಯಾವುದಾದರೂ ಕಾಗದ ಒಯ್ದಿರಾ ಅಂತ ಕೇಳಿದೆ. ಬೈಸಿಕೊಂಡೆ. ಕೊನೆಗೆ ಇನಾಸಳ ಮುಂದೆ ಒಪ್ಪಿಕೊಂಡೆ.

ಮಿಕ್ಕ ಚೀಟಿಯನ್ನು ಓದಿದಳು — "ಒಮ್ಮೆ ದಾರಿ ಕಂಡುಕೊಂಡ ಹೃದಯ, ಮುಂದೆ ಕಾಯಿಲೆ ಬಂದಾಗ ಅದನ್ನು ನೆನಪಿಟ್ಟಿರುತ್ತದೆಯೇ?"

"ಇದನ್ನ ಇನ್ನೂ ಬರೆದೇ ಇಲ್ಲ ಕಣೋ. ಬರೆಯೋಕೆ ನನ್ನದೇ ಲ್ಯಾಬ್ ಬೇಕು. ಲ್ಯಾಬ್ ಸಿಗೋಕೆ ಪ್ರಮೋಷನ್ ಬೇಕು."

ಹನ್ನೆರಡು ಚೀಟಿಯನ್ನೂ ಅವಳೇ ಮತ್ತೆ ಡಬ್ಬಿಗೆ ಹಾಕಿದಳು.

ಅಕ್ಟೋಬರ್ 15, ಬುಧವಾರ. 11.20, ಸಮಿತಿ ಕೋಣೆಯ ಹೊರಗೆ, ಬೆಂಚಿನ ಮೇಲೆ

ಸ್ಕೂಲಿಗೆ ರಜೆ ಹಾಕಿದೆ. ಇನಾಸ್ ಫೈಲಿನ ಜೊತೆ ಬಿಸ್ಕತ್ತಿನ ಡಬ್ಬಿಯನ್ನೂ ಒಳಗೆ ಒಯ್ದಳು! ಬಾಗಿಲು ಅರ್ಧ ತೆರೆದಿದೆ, ಸೆಕೆಯಲ್ವಾ. ಅಧ್ಯಕ್ಷರು — "ಏನಮ್ಮಾ, ಸಿಹಿ ಈಗಲೇ ತಂದುಬಿಟ್ರಾ?" ಇನಾಸ್ — "ಇಲ್ಲ ಸರ್. ನಮ್ಮ ಮನೆಯವರು ಇದನ್ನ ನಾಲ್ಕು ದಿನದಲ್ಲಿ ಜೋಡಿಸಿದರು. ಅವರು ಗಣಿತದವರು. ನೀವು ಹೃದಯತಜ್ಞರು."

11.50

ಒಳಗೆ ಕುರ್ಚಿ ಎಳೆಯುವ ಸದ್ದು. ಇಣುಕಿದೆ. ಮೇಜಿನ ತುಂಬ ಹರಡಿದ ಚೀಟಿ, ಪೇಪರ್‌ಗಳ ಮೇಲೆ ಮೂರು ನರೆತ ತಲೆಗಳು ಬಗ್ಗಿವೆ. "ಅಲ್ಲಲ್ಲ, ಇದು ಅದರ ಮುಂದೆ ಬರಬೇಕು ಮಾರಾಯರೇ." "ನಿಮಗೇನು ಗೊತ್ತು, ಕೊಡಿ ಇಲ್ಲಿ."

12.10

ಮತ್ತೆ ಇಣುಕಿದೆ.

ಅಧ್ಯಕ್ಷರ ಕೈಯಲ್ಲಿ ಒಂದೇ ಚೀಟಿ ಉಳಿದಿದೆ. ಮೇಜೆಲ್ಲ ತಡಕುತ್ತಿದ್ದಾರೆ. ಫೈಲಿನ ಕೆಳಗೂ ನೋಡಿದರು.

"ಇದರ ಪೇಪರ್ ಎಲ್ಲಿ ಡಾಕ್ಟ್ರೇ? ಇದನ್ನ ನಾನು ಓದಬೇಕಲ್ಲ!"

ಇನಾಸ್ ನಕ್ಕಳು. ಸೀದ ಫೂಲ್ ತಿಂದಾಗ ನಗುವ ಅದೇ ನಗು. ಈಗ ಉತ್ತರ ಹೇಳುತ್ತಿದ್ದಾಳೆ, "ಸರ್, ಅದಕ್ಕೆ ಒಂದು ಲ್ಯಾಬ್—"