ಸೆಲ್ಫ್ ಹೊಡೆದರೂ ಹಿಡಿಯದ ಕಾರು

ರೀ,

ನಿಮ್ಮ ಕಾರು ಇವತ್ತು ಸ್ಟಾರ್ಟ್ ಆಯಿತು. ಅವತ್ತು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಾಗ ಸೆಲ್ಫ್ ಹೊಡೆದೇ ಹೊಡೆದೆ, ಎಂಜಿನ್ ಹಿಡಿಯಲೇ ಇಲ್ಲ. ಬೇರೆ ಗಾಡಿ ಬರುವಷ್ಟರಲ್ಲಿ ನೀವಿರಲಿಲ್ಲ. ಹಳೇ ಡಬ್ಬ ಕೈಕೊಟ್ಟಿತು ಅಂತ ಇಷ್ಟು ದಿನ ಅದಕ್ಕೇ ಶಾಪ ಹಾಕುತ್ತಿದ್ದೆ.

ಮಾರಿಬಿಡೋಣ ಅಂತ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆ. ಬೇರೆ ಬ್ಯಾಟರಿ ಹಾಕಿದ, ಪ್ಲಗ್ ಬಿಚ್ಚಿ ಕಿಡಿ ನೋಡಿದ. ಆಮೇಲೆ ಕೀ ತಿರುಗಿಸಿ ಹಿಂದಿನ ಸೀಟಿಗೆ ಕಿವಿಯಿಟ್ಟ.

"ಪಂಪಿನ ಸದ್ದೇ ಇಲ್ಲ ಅಕ್ಕ. ಪೆಟ್ರೋಲೇ ಎಂಜಿನ್ನಿಗೆ ಹೋಗ್ತಿಲ್ಲ."

ವೈರಿನ ಜಾಡು ಹಿಡಿದು ಬಂದವನು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ಏನೋ ಒತ್ತಿದ. ಪಂಪು ಗುಂಯ್ ಅಂದಿತು.

"ಕಳ್ಳರು ಒಯ್ಯಬಾರ್ದು ಅಂತ ಗುಟ್ಟಾಗಿ ಸ್ವಿಚ್ ಕೂರಿಸಿದಾರೆ. ಯಜಮಾನ್ರು ನಿಮಗೆ ಹೇಳಿರ್ಲಿಲ್ವಾ?"

"ಮರೆತಿರಬೇಕು" ಅಂದೆ.

ನಾನು ಓಡಿಸುವ ದಿನವೆಲ್ಲ ನೀವೇ ಸ್ಟಾರ್ಟ್ ಮಾಡಿ ಗೇಟಿನಾಚೆ ತಂದು ನಿಲ್ಲಿಸಿಕೊಡುತ್ತಿದ್ದಿರಿ. ಅದನ್ನು ಅಕ್ಕರೆ ಅಂದುಕೊಂಡಿದ್ದೆ. ಹೇಳಿದ್ದರೆ ನಾನೇನು ಬೀದಿಗೆಲ್ಲ ಡಂಗುರ ಸಾರುತ್ತಿದ್ದೆನೇ?

ಅವನು ಹೋದ. ಎಂಜಿನ್ ಆರಿಸದೆ ಅದೇ ಸೀಟಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವತ್ತು ನಿಮಗೆ ಮಾತು ಹೊರಡುತ್ತಿರಲಿಲ್ಲ. ಕೈ ಮಾತ್ರ ನನ್ನ ಸೀಟಿನ ಕೆಳಗೆ ತಡಕಾಡುತ್ತಿತ್ತು. ನೋವಿಗೆ ಹೀಗೆ ಮಾಡುತ್ತಿದ್ದೀರಿ ಅಂದುಕೊಂಡು ಆ ಕೈಯನ್ನು ಎತ್ತಿ ನಿಮ್ಮ ತೊಡೆಯ ಮೇಲಿಟ್ಟೆ. ಮತ್ತೆ ಬಂತು. ಮತ್ತೆ ಎತ್ತಿ, ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಂಡೆ.