ಡಬ್ಬಿಯ ಮೇಲಿನ ನಂಬರು

ಮನೆ ಮಾಲೀಕರಿಗೆ ನಮಸ್ಕಾರ.

ಮನೆ ಖಾಲಿ ಮಾಡಿದ್ದೇನೆ. ಬೀಗದ ಕೈ ಕಿಟಕಿಯಲ್ಲಿದೆ. ಗೀಸರ್ ಮುಟ್ಟಿಲ್ಲ, ನಮ್ಮ ಯಜಮಾನರು ಬಿಚ್ಚಿಟ್ಟ ಹಾಗೇ ಇದೆ.

ನಿಮ್ಮದೊಂದು ಕೆಲಸ ಬಾಕಿ ಇದೆ. ನಿಮ್ಮ ಮನೆಯೇ ಒಂದನೇದಾಗಬೇಕು ಅಂತ, ನಾವು ಬರುವ ಮೊದಲು ಈ ನಾಲ್ಕು ಸಾಲುಮನೆಗಳ ನಂಬರು ತಿರುಗಿಸಿದಿರಂತೆ. ನಿಮ್ಮ ನಾಲ್ಕು ಒಂದಾಯಿತು, ನಮ್ಮ ಒಂದು ನಾಲ್ಕಾಯಿತು. ಬಾಗಿಲುಗಳಿಗೆ ಹಿತ್ತಾಳೆ ಫಲಕ ಬಂತು. ಗೇಟಿನ ಪಕ್ಕದ ಮೇನ್ ಸ್ವಿಚ್ ಡಬ್ಬಿಯಲ್ಲಿ ಹಳೇ ನಂಬರೇ ಉಳಿಯಿತು. ನಮಗೆ ಯಾರೂ ಹೇಳಲಿಲ್ಲ.

ಅವತ್ತು ಬೆಳಿಗ್ಗೆ ಗೀಸರ್ ರಿಪೇರಿಗೆ ಕೂತ ನಮ್ಮ ಯಜಮಾನರು, "ಮೇನ್ ಆಫ್ ಮಾಡಿ ಬಾ" ಎಂದರು. ಹೋಗಿ ನಾಲ್ಕನ್ನು ಆಫ್ ಮಾಡಿ ಬಂದೆ. ನಿಂತದ್ದು ನಿಮ್ಮ ಟಿವಿ. "ಯಾರ್ರೀ ಅದು ಕರೆಂಟ್ ತೆಗೆದೋರು?" ಎಂದು ನೀವು ಕೂಗುವ ಹೊತ್ತಿಗೆ ನಮ್ಮ ಬಚ್ಚಲಲ್ಲಿ ಎಲ್ಲ ಮುಗಿದಿತ್ತು.

ನೋಡಲು ಬಂದವರಿಗೆಲ್ಲ "ಅವನ ಹಣೆಬರಹ" ಎಂದಿರಿ. ಹಣೆಯಲ್ಲಿ ಏನು ಬರೆದಿತ್ತೋ ನಾನು ಓದಿಲ್ಲ. ಡಬ್ಬಿಯ ಮೇಲೆ ಬರೆದದ್ದು ಓದಿದೆ. ಹೊಸಬರು ಬರುವ ಮೊದಲು ಅದನ್ನು ಅಳಿಸಿ ಸರಿಯಾಗಿ ಬರೆಸಿ.

ನಿಮಗೇನು, ಮತ್ತೆ ಟಿವಿ ಹಾಕಿಕೊಂಡಿರಿ. "ಆಫ್ ಮಾಡಿದೀನಿ ಕಣ್ರೀ, ಮುಟ್ಟಿ" ಅಂತ ಅವರಿಗೆ ಹೇಳಿದವಳು ನಾನು.

ಇಂತಿ,
ಬಾಗಿಲಲ್ಲಿ ನಾಲ್ಕನೇ, ಡಬ್ಬಿಯಲ್ಲಿ ಒಂದನೇ ಮನೆಯವಳು