ಈಜು ಬರುತ್ತದೆ ಎಂದು ಬರೆದದ್ದು

ಮಾರ್ಚ್ 3, ಸೋಮವಾರ
ಬೆಳಿಗ್ಗೆಯಿಂದ ಏಳು ಪಂಕ್ಚರ್. ಕೈಯೆಲ್ಲ ಸೊಲ್ಯೂಷನ್ ಅಂಟು. ಅಕ್ಕನ ಮಗಳು ಅಂಗಡಿಗೆ ಬಂದು ಟಯರಿನ ಮೇಲೆ ಕೂತಳು. ಅವಳು ಕೆಲಸ ಮಾಡುವ ಲ್ಯಾಬಿನವರೆಲ್ಲ ಬೆಟ್ಟದ ಹೊಳೆಗೆ ರಾಫ್ಟಿಂಗ್ ಹೋಗುತ್ತಾರಂತೆ — ಗಾಳಿ ತುಂಬಿದ ರಬ್ಬರ್ ದೋಣಿ, ಬಂಡೆ, ನೊರೆ. ಭಾವನ ಷರತ್ತು: ಮಾಮ ಜೊತೆಗೆ ಹೋದರೆ ಮಾತ್ರ. ಹಾಗೆ ಹೇಳದೆ ಇನ್ನೇನು! ಅಕ್ಕಿ ಮೂಟೆ ಹೊತ್ತು ತುಂಬಿದ ಹೊಳೆ ಈಜಿದವನು ನಾನು. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ. ಈಗೀಗ ನನಗೇ ನಿಜ ಅನಿಸುತ್ತದೆ. ನಾನು ಇಳಿದಿರುವ ನೀರು ಅಂದರೆ ಟ್ಯೂಬ್ ಅದ್ದುವ ತೊಟ್ಟಿ. ಅದೂ ಮೊಣಕೈವರೆಗೆ.

ಮಾರ್ಚ್ 5
ರಾಫ್ಟಿಂಗಿನ ಫಾರಂ ತುಂಬಿದೆ. ಈಜು ಬರುತ್ತದೆಯೇ? ಇಲ್ಲ — ಸ್ವಲ್ಪ — ಚೆನ್ನಾಗಿ. ಚೆನ್ನಾಗಿ ಅನ್ನುವುದಕ್ಕೆ ಟಿಕ್. ಪಕ್ಕದಲ್ಲಿ ಜಾಗ ಖಾಲಿ ಇತ್ತು, ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. "ಮುಳುಗುತ್ತಿದ್ದ ಮೂವರನ್ನು ದಡ ಸೇರಿಸಿದ ಅನುಭವವಿದೆ." ಓದಿದ್ದು ಏಳನೇ ಕ್ಲಾಸು, ಅಕ್ಷರ ಮಾತ್ರ ಮುತ್ತು.

ಮಾರ್ಚ್ 12
ರಾಫ್ಟಿಂಗ್ ಗೈಡ್ ಫೋನ್ ಮಾಡಿದ್ದ. "ಯಜಮಾನ್ರೇ, ಈಜು ಬರದ ನಾಲ್ಕು ಜನಾನೂ ನಿಮ್ಮ ದೋಣಿಗೇ ಹಾಕಿದ್ದೀನಿ. ನೀವಿದ್ದೀರಲ್ಲ ಅಂತ ನಮ್ಮ ಎರಡನೇ ಗೈಡನ್ನ ಇನ್ನೊಂದು ದೋಣಿಗೆ ಕಳಿಸ್ದೆ. ಯಾರಾದ್ರೂ ಬಿದ್ರೆ ನೀವು ಹಿಡ್ಕೊಳ್ಳಿ."
"ಅದಕ್ಕೇನಂತೆ" ಅಂದುಬಿಟ್ಟೆ.
ಆ ನಾಲ್ವರಲ್ಲಿ ಅಕ್ಕನ ಮಗಳೂ ಒಬ್ಬಳು. ಈಜು ಕಲಿಸುವವರು ಎಲ್ಲಿದ್ದಾರೆ ಅಂತ ವಿಚಾರಿಸಿದೆ.

ಮಾರ್ಚ್ 14
ಈಜುಕೊಳ. ಕೋಚಿಗೆ ನನ್ನ ಅರ್ಧ ವಯಸ್ಸು.
"ಅಂಕಲ್, ಕಂಬಿ ಬಿಡಿ."
"ಬಿಡ್ತೀನಿ, ಅವಸರ ಏನು?"
ಒಂದು ಗಂಟೆ ಇದೇ ಮಾತು. ಕಲಿಯಲು ಎಷ್ಟು ದಿನ ಅಂತ ಕೇಳಿದೆ. "ಕಂಬಿ ಬಿಟ್ಟ ದಿನದಿಂದ ಒಂದು ತಿಂಗಳು."
ಹೊರಡುವುದು ನಾಡಿದ್ದು.

ಮಾರ್ಚ್ 15, ಬೆಳಿಗ್ಗೆ 9
ಅಕ್ಕನ ಮಗಳು ಬ್ಯಾಗು ತೋರಿಸಲು ಬಂದಿದ್ದಳು. "ಲೈಫ್ ಜಾಕೆಟ್ ಬೆಲ್ಟು ಎದೆ ಹಿಡಿಯುತ್ತಂತೆ ಮಾಮ. ನಾನು ಸ್ವಲ್ಪ ಸಡಿಲ ಮಾಡ್ಕೋತೀನಿ. ಬಿದ್ರೆ ಹೇಗೂ ನೀನು ಎತ್ತುತ್ತೀಯಲ್ಲ!"
ನಕ್ಕಳು. ನನಗೆ ನಗು ಬರಲಿಲ್ಲ. ಅವಳು ಅತ್ತ ಹೋದದ್ದೇ ಗೈಡಿಗೆ ಫೋನ್.
"ನನಗೆ ಈಜು ಬರಲ್ಲಪ್ಪ."
"ಮತ್ತೆ ಆ ಮೂವರು?"
"ಅವರಿನ್ನೂ ಹುಟ್ಟೇ ಇಲ್ಲ."
ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ... ಅದೇ ಕಷ್ಟವಾಯಿತು. ಎರಡನೇ ಗೈಡನ್ನು ನಮ್ಮ ದೋಣಿಗೇ ಹಾಕುತ್ತಾನಂತೆ. "ಆದ್ರೆ ಇವತ್ತೇ ಮನೆಯವರಿಗೆಲ್ಲ ಹೇಳ್ಬಿಡಿ. ನಿಮ್ಮನ್ನ ನಂಬ್ಕೊಂಡು ಯಾರೂ ದೋಣಿ ಹತ್ತಬಾರದು."

ಸಂಜೆ 5
ಮೊದಲು ಅವಳಿಗೆ ಹೇಳಿದೆ.
"ಅಪ್ಪ ಇನ್ನು ಕಳಿಸ್ತಾರಾ?"
"ಗೊತ್ತಿಲ್ಲಮ್ಮ."
"ಎರಡನೇ ಗೈಡ್ ಇರ್ತಾರೆ ಅಂತ ಹೇಳು. ನಾನು ಬೆಲ್ಟು ಬಿಗಿಯಾಗೇ ಹಾಕ್ಕೋತೀನಿ ಅಂತ ಹೇಳು." ಬಾಗಿಲವರೆಗೆ ಹೋಗಿ ತಿರುಗಿದಳು. "ಒಂದಕ್ಕೂ ಉಪ್ಪುಖಾರ ಹಚ್ಚಬೇಡ ಮಾಮ, ಕೈ ಮುಗೀತೀನಿ."

ಸಂಜೆ 6.30
ಭಾವನ ಮನೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹೇಳಬೇಕಾದ್ದು ನಾಲ್ಕೇ ಮಾತು. ಒಳಗಿಂದ ಭಾವನ ದನಿ: "ಯಾರದು, ನಮ್ಮ ಈಜುಗಾರನಾ? ಬಾರಯ್ಯ ಒಳಗೆ!"
ಬಂದೆ ಅಂದೆ. ಮೊದಲ ಮಾತು ಇದು, ಬೇರೇನೂ ಅಲ್ಲ — ಭಾವ, ನನಗೆ ಈಜು ಬರಲ್ಲ.